ನಮ್ಮ ದ್ರಾಕ್ಷಿ ಕಂಪನಿ

ಎಲ್ಲರ ಕೆಲಸದಲ್ಲೂ ಆಗಾಗ ಏನಾದರೂ ನಗುವಂಥದ್ದು ನಡೆಯುತ್ತದೆ. ಆದರೆ ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರರ ಮನೆ ಸೊಸೆ ಜರ್ಮನಿಯಲ್ಲಿ ನಿಂತು ಫ್ರಾನ್ಸಿನ ವೈನ್ ಮಾರತೊಡಗಿದರೆ, ಬೇರೆ ಏನೂ ನಡೆಯುವುದೇ ಇಲ್ಲ.

ನನ್ನ ಗಂಡನಿಗೆ ರೆನ್ನಿಂಗೆನ್‌ನಲ್ಲಿ ಎಂಜಿನಿಯರ್ ಕೆಲಸ. ನಾನು ಕೆಲಸ ಮಾಡುವ ಅಂಗಡಿ ಎಸ್-ಬಾನ್ ಎಂಬ ಲೋಕಲ್ ರೈಲಿನಲ್ಲಿ ಎರಡು ಸ್ಟೇಷನ್ ಆಚೆ, ಲಿಯೊನ್‌ಬೆರ್ಗ್‌ನಲ್ಲಿದೆ. ಚಿಕ್ಕ ಅಂಗಡಿ. ಜಗತ್ತಿಗೆಲ್ಲ ಗೊತ್ತಿರುವ ದೊಡ್ಡ ಹೆಸರಿನ ವೈನ್ ನಮ್ಮಲ್ಲಿ ಒಂದೂ ಸಿಗುವುದಿಲ್ಲ. ಫ್ರಾನ್ಸಿನ ಮೂಲೆಮೂಲೆಯಲ್ಲಿ ಗಂಡ ಹೆಂಡತಿ ಸೇರಿ ದುಡಿಯುವ ಸಣ್ಣ ತೋಟಗಳ ವೈನ್ ಮಾತ್ರ. ಆ ದ್ರಾಕ್ಷಿ ತಳಿಗಳ ಹೆಸರನ್ನು ಪಕ್ಕದ ಊರಿನ ಫ್ರೆಂಚರೇ ಕೇಳಿರುವುದಿಲ್ಲ ಎಂದು ನಮ್ಮ ಯಜಮಾನಿ ಹೆಮ್ಮೆಯಿಂದ ಹೇಳುತ್ತಾಳೆ. ಮಾರಾಟ ಯಾಕೆ ಕಡಿಮೆ ಎಂದು ಕೇಳಿದರೂ ಅದನ್ನೇ ಹೇಳುತ್ತಾಳೆ.

ತೊಂದರೆ ಇರುವುದು ನನ್ನ ಮಾವನವರ ವಿಷಯದಲ್ಲಿ. ಅವರು ದ್ರಾಕ್ಷಿ ಬೆಳೆದು ಮನುಕ, ಅಂದರೆ ಒಣದ್ರಾಕ್ಷಿ, ಮಾಡುವವರು. ಊರಿನ ಸಾರಾಯಿ ಅಂಗಡಿಯ ಮುಂದೆ ಹೆಂಗಸರನ್ನೆಲ್ಲ ಕೂರಿಸಿ, ತಾವೂ ಕೂತು, ಅದನ್ನು ಮುಚ್ಚಿಸಿದವರು. ವೈನ್ ಮಾಡುವವರು ತೋಟಕ್ಕೇ ಬಂದು ಒಳ್ಳೆಯ ರೇಟು ಕೊಡುತ್ತೇವೆಂದರೂ ಒಂದು ಗೊನೆ ಕೊಡದವರು. ಅವರು 'ಬಿಡು' ಅಂದರೆ ನಮ್ಮ ಮನೆಯಲ್ಲಿ ಬಿಡುವುದೇ. ನನಗೋ ಈ ಕೆಲಸ ಬಿಡಲು ಸುತರಾಂ ಇಷ್ಟವಿಲ್ಲ. ಈ ದೇಶಕ್ಕೆ ಬಂದು ವರ್ಷಗಟ್ಟಲೆ 'ಇವರ ಹೆಂಡತಿ' ಆಗಿಯೇ ಇದ್ದವಳಿಗೆ, ನನ್ನದು ಅಂತ ಸಿಕ್ಕ ಮೊದಲ ಜಾಗ ಅದು. ಆದ್ದರಿಂದ ಮಾವನವರಿಗೆ ಗೊತ್ತಾಗಬಾರದು. ಮುಂದಿನ ಪ್ರಸಂಗಗಳನ್ನೆಲ್ಲ ಆ ಭಯವನ್ನು ಸೆರಗಿನಲ್ಲಿ ಕಟ್ಟಿಕೊಂಡು ಓದಬೇಕು.

ಗಣಪತಿಯ ಪೆಟ್ಟಿಗೆ

ಕೆಲಸ ಸಿಕ್ಕಿದ್ದೇ ಗಣಪತಿಯ ದಯೆಯಿಂದ. ಹಬ್ಬಕ್ಕೆ ಮಂಟಪ ಮಾಡಲು ಮರದ ಪೆಟ್ಟಿಗೆ ಹುಡುಕುತ್ತಿದ್ದೆ. ಈ ಅಂಗಡಿಯ ಹೊರಗೆ ಖಾಲಿ ಪೆಟ್ಟಿಗೆಗಳು ಬಿದ್ದಿದ್ದವು. ಒಳಗೆ ಹೋಗಿ ನನ್ನ ಹರಕು ಜರ್ಮನ್‌ನಲ್ಲಿ, "ಎರಡು ಪೆಟ್ಟಿಗೆ ಕೊಡ್ತೀರಾ? ದೇವರಿಗೆ ಬೇಕು" ಅಂದೆ.

ಯಜಮಾನಿ ಕನ್ನಡಕ ಇಳಿಸಿ ನೋಡಿ, "ಎಷ್ಟು ಎತ್ತರ ಇದ್ದಾರೆ?" ಅಂದಳು.

ಕೈಯಲ್ಲಿ ಒಂದು ಗೇಣು ತೋರಿಸಿದೆ. ಅಳತೆ ನೋಡಿ ಸರಿಯಾದ ಪೆಟ್ಟಿಗೆ ಆರಿಸಿ ಕೊಟ್ಟಳು. ದೇವರ ವಿಷಯದಲ್ಲೂ ಅಳತೆ ಕೇಳುವ ದೇಶ ಇದು. ಪೆಟ್ಟಿಗೆಯ ಮೇಲೆಲ್ಲ ವೈನ್ ತೋಟದ ಮುದ್ರೆ ಇತ್ತು. ಅದನ್ನು ಒಳಗಡೆಗೆ ತಿರುಗಿಸಿ ಮಂಟಪ ಕಟ್ಟಿದೆ. ಆ ವರ್ಷ ಐದು ದಿನವೂ ಅದನ್ನು ಗಣಪತಿಯೊಬ್ಬನೇ ಓದಿದ.

ಪೆಟ್ಟಿಗೆ ವಾಪಸು ಕೊಡಲು ಹೋದಾಗ ಆಕೆ ಒಂದು ಗ್ಲಾಸು ಚಾಚಿದಳು.

"ನಾನು ಕುಡಿಯೋದಿಲ್ಲ" ಅಂದೆ.

"ಕುಡಿ ಅಂದೆನಾ? ಮೂಸು."

ಮೂಸಿದೆ. ಗಂಡನ ಮನೆಯ ಮನುಕದ ಶೆಡ್ಡಿನ ಬಾಗಿಲು ತೆಗೆದ ಹಾಗಾಯಿತು. "ಒಣದ್ರಾಕ್ಷಿ!" ಅಂದುಬಿಟ್ಟೆ.

ಅದು ಪೂರ್ವ ಫ್ರಾನ್ಸಿನ ಜೂರಾ ಎಂಬ ಬೆಟ್ಟದ ಸೀಮೆಯ ವೈನ್. ಅಲ್ಲಿ ದ್ರಾಕ್ಷಿ ಗೊನೆಗಳನ್ನು ತಿಂಗಳುಗಟ್ಟಲೆ ಒಣಗಿಸಿ, ಆಮೇಲೆ ಹಿಂಡಿ ವೈನ್ ಮಾಡುತ್ತಾರಂತೆ. ಯಜಮಾನಿ ನನ್ನ ಮೂಗನ್ನೇ ನೋಡುತ್ತ, "ಸೋಮವಾರದಿಂದ ಕೆಲಸಕ್ಕೆ ಬಾ" ಅಂದಳು.

"ನಾನು ಕುಡಿಯೋದಿಲ್ಲ ಅಂದೆನಲ್ಲ."

"ಅದಕ್ಕೇ ಬಾ ಅಂದದ್ದು. ನಿನಗಿಂತ ಮುಂಚೆ ಇದ್ದವನು ಕುಡಿಯುತ್ತಿದ್ದ."

ರುಚಿ ನೋಡಿ ಉಗುಳುವುದನ್ನು ಮೊದಲ ವಾರವೇ ಕಲಿಸಿದಳು. ಬಾಯಲ್ಲಿ ಹಾಕಿಕೊಂಡು ಮುಕ್ಕಳಿಸಿ ಪೀಕದಾನಿಗೆ ಉಗುಳಬೇಕು, ಒಂದು ಹನಿಯೂ ಆಚೀಚೆ ಬೀಳಬಾರದು. ಇದನ್ನು ಕಲಿಯಲು ಇಲ್ಲಿಯವರಿಗೆ ತಿಂಗಳು ಬೇಕಂತೆ. ನಾನು ನಮ್ಮೂರ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂರುವ ಹಿರಿಯರನ್ನು ನೆನೆಸಿಕೊಂಡು ಮಾರುದೂರದಿಂದ ಉಗುಳಿದೆ. ನೇರ ನಡುವಿಗೆ ಬಿತ್ತು. ನನ್ನ ಡಿಗ್ರಿಯನ್ನು ಈ ದೇಶದಲ್ಲಿ ಯಾರೂ ಒಪ್ಪಿರಲಿಲ್ಲ. ಇದನ್ನು ಮಾತ್ರ ಒಂದೇ ಸಲಕ್ಕೆ ಒಪ್ಪಿದರು.

ಬೀಜ ಐತೋ ಇಲ್ಲೋ

ಮಾವನವರಿಗೆ ಏನು ಹೇಳುವುದು ಎಂಬ ಪ್ರಶ್ನೆ ಬಂದಾಗ ನನ್ನ ಗಂಡ ಫೋನಿನಲ್ಲಿ, "ಆಕಿ ದ್ರಾಕ್ಷಿ ಕಂಪನ್ಯಾಗ ಕೆಲಸಕ್ಕ ಸೇರ್ಯಾಳ" ಅಂದರು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಮಾವನವರಿಗೆ ಹಿಡಿಸಲಾರದಷ್ಟು ಸಂತೋಷ. ಸೊಸೆ ಪರದೇಶದಲ್ಲೂ ಮನೆತನದ ಕಸುಬು ಬಿಟ್ಟಿಲ್ಲ ಎಂದು ಊರಿಗೆಲ್ಲ ಹೇಳಿದರು. ಆಮೇಲೆ ಪ್ರತಿ ಭಾನುವಾರ ವಿಡಿಯೋ ಕಾಲ್‌ನಲ್ಲಿ ನನ್ನ ಪರೀಕ್ಷೆ ಶುರುವಾಯಿತು.

"ಯಾವ ತಳಿ ಬರತಾವ ಅಲ್ಲಿ? ಥಾಮ್ಸನ್ನೋ, ಮಾಣಿಕ್ ಚಮನ್ನೋ?"

ಆ ವಾರ ಬಂದಿದ್ದ ಪೆಟ್ಟಿಗೆಯ ಮೇಲಿದ್ದ ಹೆಸರು ಹೇಳಿದೆ. "ಸಾವಾನ್ಯಾನ್ ಅಂತರಿ ಮಾಮಾ."

"ಏ, ಮುಂಜಾನೆ ಎದ್ದು ಸಾವು ಗೀವು ಯಾಕ ಅಂತಿ? ಬ್ಯಾರೇದ್ ಹೇಳು."

"ಪುಲ್ಸಾರ್ ಅಂತ ಒಂದ್ ಐತ್ರಿ. ಟ್ರೂಸೋ ಅಂತ ಇನ್ನೊಂದ್."

"ಬೀಜ ಐತೋ ಇಲ್ಲೋ?"

"ಐತ್ರಿ."

"ಕಾಯಿ ಎಷ್ಟ್ ದಪ್ಪ?"

ಬೆರಳ ತುದಿಯಲ್ಲಿ ಕಡಲೆಕಾಳಿನಷ್ಟು ತೋರಿಸಿದೆ. ಮಾವನವರು ಫೋನನ್ನು ಮೂಗಿನ ಹತ್ತಿರ ತಂದು ನನ್ನ ಬೆರಳ ತುದಿಯನ್ನೇ ನೋಡಿದರು. ಕೊನೆಗೆ ಮರುಕದಿಂದ, "ಬೀಜ ಇದ್ದದ್ದು, ಅದೂ ಇಷ್ಟ ಸಣ್ಣದು. ಯಾರ್ ತಿಂತಾರವಾ ಅದನ್ನ?" ಅಂದರು.

"ಯಾರೂ ತಿನ್ನೂದಿಲ್ರಿ ಮಾಮಾ" ಅಂದೆ. ಆ ವರ್ಷ ನಾನು ಅವರಿಗೆ ಹೇಳಿದ ಅಚ್ಚ ಸತ್ಯ ಅದೊಂದೇ.

ಶಿರಾ ತೀರಿದೆ

ದಕ್ಷಿಣ ಫ್ರಾನ್ಸಿನ ಕರಿ ದ್ರಾಕ್ಷಿಯೊಂದಕ್ಕೆ ಸಿರಾ ಎಂದು ಹೆಸರು. ನಮ್ಮ ಕಡೆ ರವೆ, ಸಕ್ಕರೆ, ತುಪ್ಪ ಹಾಕಿ ಮಾಡುವ ಸಿಹಿಗೆ ಶಿರಾ ಎಂದು ಹೆಸರು. ಇವೆರಡರ ನಡುವೆ ನಮ್ಮ ಅತ್ತೆಯವರು ಸಿಕ್ಕಿಕೊಂಡರು.

ಒಂದು ರಜೆಯ ದಿನ ಅತ್ತೆಯವರ ಜೊತೆ ವಿಡಿಯೋ ಕಾಲ್‌ನಲ್ಲಿದ್ದೆ. ಇನ್ನೊಂದು ಫೋನಿಗೆ ಗಿರಾಕಿಯೊಬ್ಬರ ಕರೆ ಬಂತು. ಇಂಗ್ಲೆಂಡಿನವರು, ಇಂಗ್ಲಿಷಿನಲ್ಲೇ ಮಾತು. ಸಿರಾ ಖಾಲಿಯಾಗಿದೆ, ಶುಕ್ರವಾರ ಮತ್ತೆ ಬರುತ್ತದೆ, ಮೂವತ್ತಾರು ಬೇಕಾದರೆ ಈಗಲೇ ಹೇಳಿ, ಹದಿನಾಲ್ಕು ಪರ್ಸೆಂಟ್ ಇದೆ ಎಂದೆಲ್ಲ ಹೇಳಿ ಇಟ್ಟೆ. ಬಾಟಲಿ, ಆಲ್ಕೋಹಾಲ್ ಎಂಬ ಮಾತು ಮಾತ್ರ ಬಾಯಿಗೆ ಬರದಂತೆ ನೋಡಿಕೊಂಡೆ.

ಅತ್ತೆಯವರು ಶಾಲೆಯಲ್ಲಿ ಅಷ್ಟಿಷ್ಟು ಇಂಗ್ಲಿಷ್ ಕಲಿತವರು. ಕಣ್ಣು ಅರಳಿಸಿ, "ಶಿರಾನೂ ಮಾಡಿ ಕೊಡ್ತೀಯೇನವಾ ಅವ್ರಿಗೆ?" ಅಂದರು.

ಇಲ್ಲ ಅನ್ನಲು ಬಾಯಿ ತೆರೆದೆ. ಇಲ್ಲ ಅಂದರೆ ಮತ್ತೇನು ಎಂದು ಕೇಳುತ್ತಾರೆ. "ಹೂನ್ರಿ ಅತ್ತಿ, ಒಮ್ಮೊಮ್ಮೆ" ಅಂದೆ.

"ಮೂವತ್ತಾರ್ ಮಂದೀಗೆ?"

"ಹೂನ್ರಿ."

ಅತ್ತೆಯವರು ತುಸು ಯೋಚಿಸಿ, ಬೇಜಾರಾಗದ ಹಾಗೆ ಹೇಳಿದರು: "ಹದಿನಾಕ್ ಪರ್ಸೆಂಟ್ ತುಪ್ಪ ಸಾಲೂದಿಲ್ಲವಾ. ಗಂಟಲಾಗ ಇಳೀಬೇಕಲ್ಲ."

ಕರಬೂಜದ ಹಣ್ಣಿಂದು

ನಮ್ಮ ಅಂಗಡಿಗೆ ಕನ್ನಡದವರು ಬರುವುದು ಕಡಿಮೆ. ಬಂದರೆ ನನ್ನ ಗಂಡನ ಆಫೀಸಿನ ಬೆಂಗಳೂರು ಹುಡುಗರು. ಅವರಿಗೆ ನನ್ನ ಗುಟ್ಟು ಗೊತ್ತು. ಮಾವನವರ ಕಿವಿಗೆ ಬೀಳಿಸಬೇಡಿ ಎಂದು ಪ್ರಮಾಣ ಮಾಡಿಸಿಕೊಂಡಿದ್ದೇನೆ.

ಒಮ್ಮೆ ಇಬ್ಬರು ಬಂದರು. ಒಬ್ಬನನ್ನು ಅವನ ಬಾಸ್ ಮನೆಗೆ ಊಟಕ್ಕೆ ಕರೆದಿದ್ದ. ನಾನು ಅಟ್ಲಾಂಟಿಕ್ ದಡದ ಒಂದು ಪುಟ್ಟ ತೋಟದ ಬಿಳಿ ವೈನ್ ತೆಗೆದೆ. ಮಣ್ಣು ಹೇಗಿದೆ, ಸಮುದ್ರದ ಗಾಳಿ ಹೇಗೆ ಬೀಸುತ್ತದೆ, ಮುದುಕ ಯಜಮಾನ ಈಗಲೂ ಕುದುರೆ ಕಟ್ಟಿ ಹೇಗೆ ಉಳುತ್ತಾನೆ ಎಂದೆಲ್ಲ ವಿವರಿಸಿದೆ.

"ಅದೆಲ್ಲ ಬಿಡಿ ಅಕ್ಕಾ, ಕಿಕ್ ಇದೆಯಾ?" ಅಂದ ಒಬ್ಬ.

"ಥೂ ಸುಮ್ನಿರೋ ಮಗಾ, ಬಾಸ್‌ಗೆ ಕಣೋ" ಅಂದ ಇನ್ನೊಬ್ಬ. "ಅಕ್ಕಾ, ಇದು ಯಾವ ದ್ರಾಕ್ಷಿ ಅಂತ ಹೇಳಿಬಿಡಿ ಸಾಕು. ಕೇಳಿದ್ರೆ ಹೇಳ್ಬೇಕಲ್ಲ."

"ಮೆಲೋನ್" ಅಂದೆ. ಆ ತಳಿಯ ಹೆಸರೇ ಅದು. ಕರಬೂಜಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳುವಷ್ಟರಲ್ಲಿ ಇಬ್ಬರೂ ರೈಲು ಹಿಡಿಯಲು ಓಡಿದ್ದರು.

ಮುಂದಿನ ವಾರ ಅದೇ ಹುಡುಗ ಮತ್ತೆ ಬಂದ. "ಸೂಪರ್ ಹಿಟ್ ಅಕ್ಕಾ. ಕರಬೂಜದ ಹಣ್ಣಿಂದ ಮಾಡಿದ ವೈನ್ ಅಂತ ಹೇಳ್ದೆ. ಬಾಸು, ಅವರ ಹೆಂಡ್ತಿ, ಅತ್ತೆ, ಎಲ್ರೂ ಕುಡಿದು ಕರಬೂಜದ ರುಚಿ ಎಷ್ಟು ಚೆನ್ನಾಗಿ ಗೊತ್ತಾಗ್ತಿದೆ ಅಂದ್ರು."

"ಅಯ್ಯೋ, ಅದು ದ್ರಾಕ್ಷೀದೇ ಕಣೋ!"

ಅವನು ತಲೆ ಕೆರೆದುಕೊಂಡ. "ಈಗ ಹೆಂಗಕ್ಕಾ ಹೇಳೋದು? ಕಲ್ಲಂಗಡೀದು ಸಿಕ್ಕಿದ್ರೆ ಮೂರು ತಗೊಂಬಾ ಅಂತ ದುಡ್ಡು ಕೊಟ್ಟು ಕಳ್ಸಿದಾರೆ."

ಭಾಳ ಮಂದಿ ವೈನಿ

ಗುಟ್ಟು ಬಯಲಾಗುವುದಿದ್ದರೆ ಅದು ನನ್ನ ಮಗಳಿಂದಲೇ ಎಂದು ನನಗೆ ಗೊತ್ತಿತ್ತು. ಅವಳು ಇಲ್ಲಿ ಹುಟ್ಟಿದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಜರ್ಮನ್‌ನಲ್ಲೇ.

ಒಂದು ಭಾನುವಾರ ಮಾವನವರು ಅವಳನ್ನು, "ನಿಮ್ಮವ್ವ ಏನ್ ಮಾಡಾಕತ್ತಾಳ?" ಎಂದು ಕೇಳಿದರು. ನಾನು ಒಲೆಯ ಮುಂದಿದ್ದೆ. ಅವಳು ಗಟ್ಟಿಯಾಗಿ, "ಮಮ್ಮಾ ಹಾಟ್ ಫೀಲೆ ವೈನೆ!" ಅಂದಳು. ಅಮ್ಮನ ಹತ್ತಿರ ತುಂಬಾ ವೈನ್‌ಗಳಿವೆ ಎಂದು ಅರ್ಥ.

ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು.

"ಏನಂತೈತಿ ಕೂಸು? ವೈನಿ ಅಂದಂಗಾತಲ್ಲ?" ಅಂದರು ಮಾವನವರು.

ವೈನಿ ಅಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ನನ್ನ ಗಂಡ ಮೀಟಿಂಗಿನಲ್ಲಿ ಎಂದೂ ತೋರಿಸದ ಚುರುಕುತನವನ್ನು ಆಗ ತೋರಿಸಿದರು. "ಹೌದಪ್ಪಾ. ಅವ್ವಗ ಭಾಳ ಮಂದಿ ವೈನಿ ಅದಾರ ಅಂತೈತಿ."

ನನಗೆ ನಾಲ್ವರು ಅಣ್ಣಂದಿರು. ಮಾವನವರು ಬೆರಳು ಮಡಚಿ ಎಣಿಸಿ, "ಖರೇ ಐತಿ. ಕೂಸು ಭಾಳ ಶಾಣ್ಯಾ ಆಗೈತಿ, ಬೀಗರ ಲೆಕ್ಕ ಎಲ್ಲಾ ಇಟ್ಟೈತಿ" ಎಂದು ಮೆಚ್ಚಿಕೊಂಡರು.

ಮೊಮ್ಮಗಳು ಬಿಡಲಿಲ್ಲ. ಕೆಂಪು, ಬಿಳಿ ಎಂದು ಬಣ್ಣಗಳನ್ನೂ ಹೇಳಿದಳು. ಗಂಡ ಅದನ್ನೂ ಕನ್ನಡಕ್ಕೆ ತಂದರು. "ಒಬ್ಬಾಕಿ ಕೆಂಪಗ ಅದಾಳ, ಒಬ್ಬಾಕಿ ಬೆಳ್ಳಗ ಅದಾಳ ಅಂತ."

ನನ್ನ ದೊಡ್ಡ ವೈನಿ ಕಪ್ಪಗಿದ್ದಾಳೆ. ಅವಳನ್ನು ಯಾಕೆ ಬಿಟ್ಟಳು ಎಂದು ಮಾವನವರು ಕೇಳಿದ ಕೂಡಲೇ ಗಂಡ ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನು ಇಟ್ಟರು.

ಪೀಕದಾನಿ

ಕೊನೆಗೆ ಮಾವನವರೇ ಬಂದಿಳಿದರು. ತಲೆಯ ಮೇಲೆ ಬಿಳಿ ಟೊಪ್ಪಿಗೆ, ಧೋತರದ ಮೇಲೆ ಸ್ವೆಟರ್, ಚೀಲದ ತುಂಬ ತಾವೇ ಒಣಗಿಸಿದ ಮನುಕ. ಮನೆಯಲ್ಲಿದ್ದ ಸ್ಯಾಂಪಲ್ ಬಾಟಲಿಗಳನ್ನೆಲ್ಲ ನಾನು ಹಿಂದಿನ ದಿನವೇ ಕೆಳಗಿನ ನೆಲಮಾಳಿಗೆಗೆ ಸಾಗಿಸಿದ್ದೆ.

"ನೀವೇ ಹೇಳಿಬಿಡ್ರಿ" ಎಂದು ಗಂಡನಿಗೆ ದುಂಬಾಲು ಬಿದ್ದೆ.

"ಹೇಳ್ತೀನಿ. ಚೊಲೋ ಒಂದು ಟೆರ್ಮೀನ್ ನೋಡಿ ಹೇಳ್ತೀನಿ" ಅಂದರು. ಈ ದೇಶದಲ್ಲಿ ಡಾಕ್ಟರರಿಂದ ಕ್ಷೌರಿಕನವರೆಗೆ ಎಲ್ಲಕ್ಕೂ ಮೊದಲೇ ಟೆರ್ಮೀನ್ ಗೊತ್ತುಮಾಡಬೇಕು. ಸ್ವಂತ ಅಪ್ಪನ ಜೊತೆ ಮಾತಾಡಲೂ ಅದು ಬೇಕಾಗುವಷ್ಟು ನನ್ನ ಗಂಡ ಜರ್ಮನ್ ಆಗಿದ್ದಾರೆ.

ಟೆರ್ಮೀನ್ ಸಿಗಲಿಲ್ಲ. ಶನಿವಾರ ಬಂತು. ಅಂದು ಜೂರಾದ ಆ ಒಣದ್ರಾಕ್ಷಿ ವೈನ್ ತೋಟದವನು ತಾನೇ ಬಂದು ಗಿರಾಕಿಗಳಿಗೆ ರುಚಿ ತೋರಿಸುವ ದಿನ. ಮಂಡಿ ನೋವಿನ ಯಜಮಾನಿ ನನಗೆ, "ಇವತ್ತು ಎಲ್ಲ ನೀನೇ ನೋಡಿಕೋ. ಚೆನ್ನಾಗಿ ಆದರೆ ಇನ್ನು ಮುಂದೆ ಯಾವ ತೋಟದ್ದು ತರಿಸಬೇಕು ಎಂದು ಆರಿಸುವುದೂ ನಿನ್ನದೇ" ಅಂದಿದ್ದಳು. ಹಾರಿಕೊಂಡು ಕೆಲಸಕ್ಕೆ ಹೋಗಿದ್ದೆ.

ಅಂಗಡಿ ತುಂಬಿದ್ದಾಗ ಬಾಗಿಲ ಗಂಟೆ ಬಾರಿಸಿತು. ನೋಡಿದರೆ ಬಿಳಿ ಟೊಪ್ಪಿಗೆ. ಮಗಳು ಅಜ್ಜನ ಬೆರಳು ಹಿಡಿದು ನಿಂತಿದ್ದಾಳೆ. ಸೊಸೆಯ ಕಂಪನಿ ನೋಡಲೇಬೇಕು ಎಂದು ಅವರು ಹಟ ಹಿಡಿದಿದ್ದರಂತೆ. ಗಂಡ ಕಾರು ನಿಲ್ಲಿಸುವ ನೆಪದಲ್ಲಿ ಹೊರಗೇ ಉಳಿದರು. ಜಾಗ ಸಿಕ್ಕಿದ ಮೇಲೂ ಒಂದು ಗಂಟೆ ಕಾರಿನಲ್ಲೇ ಕೂತಿದ್ದರೆಂದು ಆಮೇಲೆ ಗೊತ್ತಾಯಿತು.

ಮಾವನವರು ನೆಲದಿಂದ ಸೂರಿನವರೆಗೆ ಕಪಾಟುಗಳನ್ನು ನೋಡಿದರು. "ದ್ರಾಕ್ಷಿ ಎಲ್ಲಿ ಐತವಾ?" ಅಂದರು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಬಾಟ್ಲ್ಯಾಗ ಐತ್ರಿ ಮಾಮಾ" ಅಂದೆ.

ಅವರ ಮುಖ ಗಂಟಿಕ್ಕಿತು. ಮುಗಿಯಿತು, ಸೋಮವಾರದಿಂದ ನಾನು ಮತ್ತೆ 'ಇವರ ಹೆಂಡತಿ' ಅಂದುಕೊಂಡೆ. ಅವರು ಬಾಯಿ ತೆರೆಯುವಷ್ಟರಲ್ಲಿ ಜೂರಾದವನು ಮೇಜಿನ ಮೇಲೆ ಹರಡಿದ್ದ ತೋಟದ ಫೋಟೋಗಳು ಕಣ್ಣಿಗೆ ಬಿದ್ದವು. ದ್ರಾಕ್ಷಿ ಬಳ್ಳಿ ಕಂಡರೆ ನಮ್ಮ ಮಾವನವರು ಸಿಟ್ಟನ್ನೂ ನಿಲ್ಲಿಸಿ ನೋಡುವವರು.

"ಇವನ ತೋಟೇನು? ಚಾಟ್ನಿ ಯಾವಾಗ ಮಾಡ್ತಾನ ಕೇಳು."

ಚಾಟ್ನಿ ಅಂದರೆ ತಿನ್ನುವ ಚಟ್ನಿಯಲ್ಲ, ಬಳ್ಳಿ ಕತ್ತರಿಸಿ ಸವರುವುದು. ನಮ್ಮ ಕಡೆ ವರ್ಷಕ್ಕೆ ಎರಡು ಸಲ. ಜೂರಾದವನಿಗೆ ಜರ್ಮನ್ ಬರುತ್ತಿತ್ತು. ಕೇಳಿದೆ. ಚಳಿಗಾಲದಲ್ಲಿ ಒಂದೇ ಸಲ ಅಂದ.

"ಮೈಗಳ್ಳ" ಅಂದರು ಮಾವನವರು.

"ನಿಮ್ಮ ಹವೆಗೆ ಅಷ್ಟು ಸಾಕು ಅಂತಾರೆ" ಎಂದು ನಾನು ಅನುವಾದಿಸಿದೆ.

"ಕಾಯಿ ನೋಡು, ಹೆಂಗ ಬಡಕಲ ಅದಾವು! ಔಷಧದಾಗ ಗೊನಿ ಅದ್ದು ಅನ್ನು, ಹೆಬ್ಬೆರಳಿನಷ್ಟ್ ದಪ್ಪ ಆಗತಾವು."

ಕಾಯಿ ಸಣ್ಣದಿರುವುದೇ ತನ್ನ ತೋಟದ ಹೆಮ್ಮೆ ಎಂದು ನಂಬಿದವನಿಗೆ ಇದನ್ನು ಹೇಳುವುದು ಹೇಗೆ? "ನಿಮ್ಮ ದ್ರಾಕ್ಷಿ ನೋಡಿ ಅವರಿಗೆ ಮಾತೇ ಹೊರಡುತ್ತಿಲ್ಲ" ಅಂದೆ. ಅವನು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಬುದ್ಧಿಮಾತು ಕೇಳಿದನಲ್ಲ ಎಂದು ಮಾವನವರೂ ಸಮಾಧಾನಗೊಂಡರು.

ಅವನು ಅಟ್ಟದಲ್ಲಿ ಗೊನೆಗಳನ್ನು ನೇತುಹಾಕಿ ಒಣಗಿಸಿದ ಫೋಟೋ ತೋರಿಸಿದ. ಮಾವನವರ ಮುಖ ಅರಳಿತು. "ಮನುಕ! ಇವನೂ ನಮ್ಮವನ ಅದಾನ!" ಎಂದು ಜೇಬಿನಿಂದ ಮನುಕ ತೆಗೆದು ಅವನ ಅಂಗೈಗೆ ಸುರಿದರು. ಅವನು ತಿಂದು ಕಣ್ಣು ಮುಚ್ಚಿ ಇನ್ನೂ ಬೇಕೆಂದು ಕೈ ಚಾಚಿದ. ಇಬ್ಬರೂ ಹೆಗಲು ತಟ್ಟಿಕೊಂಡರು. ನನಗೆ ಉಸಿರು ಬಂತು.

"ಒಣಗಿಸಿದ ಮ್ಯಾಲೆ ಎಲ್ಲಿಗೆ ಕಳಸ್ತಾನ ಕೇಳು."

ಕೇಳಿದೆ. ಮೆಲ್ಲಗೆ ಹೇಳಿದೆ. "ಒಣಗಿಸಿ ಆಮೇಲೆ ಹಿಂಡತಾರ್ರಿ ಮಾಮಾ."

ಮಾವನವರು ಹೆಗಲ ಮೇಲಿನ ಕೈ ತೆಗೆದರು. "ಒಣಗಿಸಿ, ಮತ್ತ ಹಿಂಡತಾನ? ಇಷ್ಟ ಛಂದ ಮನುಕ ಮಾಡಿ? ಇವನ ಮನ್ಯಾಗ ಹೇಳಾವ್ರು ಕೇಳಾವ್ರು ಯಾರೂ ಇಲ್ಲೇನು?"

ಅಷ್ಟರಲ್ಲಿ ಯಜಮಾನಿ ನನ್ನನ್ನು ಕರೆದಳು. ಹೊಸ ಬಾಟಲಿ ತೆರೆದಿತ್ತು. ಅಂಗಡಿಗೆ ಬೇಕೋ ಬೇಡವೋ ಎಂದು ನಾನೇ ರುಚಿ ನೋಡಿ ಹೇಳಬೇಕು. ಮಾವನವರು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ನೋಡುತ್ತಿದ್ದಾರೆ. ರುಚಿ ನೋಡುವುದಿಲ್ಲ ಎಂದರೆ ಈ ಕೆಲಸ ಈಗಲೇ ಹೋಗುತ್ತದೆ, ನೋಡಿದರೆ ಮನೆಗೆ ಹೋದ ಮೇಲೆ ಹೋಗುತ್ತದೆ. ಏನಾದರಾಗಲಿ ಎಂದು ಬಾಯಿಗೆ ಹಾಕಿಕೊಂಡೆ. ಮುಕ್ಕಳಿಸಿದೆ. ಮಾರುದೂರದ ಪೀಕದಾನಿಗೆ ಉಗುಳಿದೆ. ಒಂದು ಹನಿ ಆಚೀಚೆ ಬೀಳಲಿಲ್ಲ.

"ಬೇಕು" ಅಂದೆ ಯಜಮಾನಿಗೆ. ಗಿರಾಕಿಗಳು ಚಪ್ಪಾಳೆ ತಟ್ಟಿದರು. ಅದು ವೈನ್‌ಗಲ್ಲ, ಉಗುಳಿದ್ದಕ್ಕೆ. ಪಕ್ಕದಲ್ಲಿದ್ದ ಹೊಸ ಗಂಡ ಹೆಂಡತಿ ನಮಗೂ ಕಲಿಸಿ ಅಂದರು. ತುಟಿ ಹೇಗೆ ಇಡಬೇಕು, ಕತ್ತು ಹೇಗೆ ಬಾಗಿಸಬೇಕು ಎಂದು ತೋರಿಸಿದೆ. ಸೂಟು ಹಾಕಿದ ಹಿರಿಯರೊಬ್ಬರೂ ಸಾಲಿಗೆ ಬಂದು ನಿಂತರು. ಒಬ್ಬರಾದ ಮೇಲೆ ಒಬ್ಬರು ಉಗುಳಿದರು.

ಮಾವನವರು ಹತ್ತಿರ ಬಂದರು. "ಎಲ್ಲಾ ಉಗುಳತಿ?"

"ಎಲ್ಲಾನೂ ರಿ ಮಾಮಾ."

"ಒಂದ್ ಹನೀನೂ ಒಳಗ ಹೋಗಂಗಿಲ್ಲ?"

"ಇಲ್ರಿ."

ಅವರು ಪೀಕದಾನಿಯೊಳಗೆ ಬಗ್ಗಿ ನೋಡಿದರು. ತಲೆಯಾಡಿಸಿದರು. ಕಾರಿನಲ್ಲಿ ಮನೆ ಮುಟ್ಟುವವರೆಗೂ ಕಿಟಕಿಯಾಚೆ ನೋಡುತ್ತ ಮನುಕ ಅಗಿಯುತ್ತಿದ್ದರು. ಯಜಮಾನಿಗೆ ಏನೆಂದು ಹೇಳಿ ಕೆಲಸ ಬಿಡುವುದು ಎಂದು ಯೋಚಿಸುತ್ತ ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ಗಂಡ ರಸ್ತೆ ನೋಡುವುದರಲ್ಲಿ ಎಂದೂ ಇಲ್ಲದ ಆಸಕ್ತಿ ತೋರಿಸಿದರು.

ಮನೆಗೆ ಬಂದು ಚಹಾ ಇಡುತ್ತಿದ್ದಾಗ ಹೊರಗಿನ ಕೋಣೆಯಿಂದ ಮಾವನವರ ಫೋನಿನ ದನಿ ಕೇಳಿತು. ಆಚೆ ಕಡೆ ಸಾರಾಯಿ ಅಂಗಡಿ ಮುಚ್ಚಿಸುವಾಗ ಜೊತೆಗೆ ಕೂತಿದ್ದ ಅವರ ಗೆಳೆಯ. ಸೊಸೆಯ ಕೆಲಸ ನೋಡಿ ಬಂದೆಯಾ ಎಂದು ಕೇಳಿರಬೇಕು. ನಾನು ಚಹಾ ಸೋಸುವುದನ್ನು ನಿಲ್ಲಿಸಿದೆ.

"ನೋಡಿ ಬಂದೆನಪಾ" ಅಂದರು ಮಾವನವರು, ಮನೆಯೆಲ್ಲ ಕೇಳುವ ಹಾಗೆ. "ನಾವು ಅಂಗಡಿ ಮುಂದ ಕುಂತು ಬಂದ್ ಮಾಡ್ಸಿದ್ವಿ, ಅದರಾಗೇನ್ ದೊಡ್ಡಸ್ತನ ಐತಿ? ನಮ್ಮ ಸೊಸಿ ಅಂಗಡಿ ಒಳಗ ನಿಂತಾಳ. ಬಾಯಾಗ ಹಾಕ್ಕೊಂಡಿದ್ದನ್ನೂ ಒಳಗ ಇಳ್ಯಾಕ ಬಿಡೂದಿಲ್ಲ, ಸೂಟು ಬೂಟಿನವ್ರನ್ನ ಸಾಲ್ ಹಚ್ಚಿ ನಿಂದ್ರಿಸಿ ಎಲ್ಲಾ ಉಗುಳಸ್ತಾಳ. ಅದಕ್ಕ ಪಗಾರ ಬ್ಯಾರೆ ಕೊಡ್ತಾರೋ ಮಾರಾಯಾ!"